ಗೋಡೆಯ ಪಟ, ಸ್ಟುಡಿಯೋದ ಪ್ಲೇಟು

ಬನ್ನೇರುಘಟ್ಟ ರಸ್ತೆಯ ಮಗ್ಗುಲಿನ ಬಿಳೇಕಹಳ್ಳಿಯನ್ನು ಒಂದೇ ಹೆಸರಿನಿಂದ ಕರೆಯುವುದು ಈಗ ವಾಡಿಕೆಯಾಗಿದ್ದರೂ ಆ ಹೆಸರಿನ ಅಡಿಯಲ್ಲಿ ಮೂರು ಊರುಗಳು ಒಂದನ್ನೊಂದು ಒತ್ತರಿಸಿಕೊಂಡು ಕುಳಿತಿವೆ. ಮೊದಲನೆಯದು, ಬೆಂಗಳೂರು ದಕ್ಷಿಣ ತಾಲ್ಲೂಕು ಬೇಗೂರು ಹೋಬಳಿಯ ಕಾಗದಪತ್ರಗಳಲ್ಲಿ ಇಂದಿಗೂ ಉಸಿರಾಡುತ್ತಿರುವ ಹಳೆಯ ಗ್ರಾಮ. ಎರಡನೆಯದು, 1973ರಲ್ಲಿ ಸ್ಥಾಪಿತವಾಗಿ ಮುಂದೆ ಬಾಲಕೃಷ್ಣ ದೋಶಿಯವರು ವಿನ್ಯಾಸಗೊಳಿಸಿದ ಕಲ್ಲುಗೋಡೆಗಳ ಆವರಣದಲ್ಲಿ ನೆಲೆಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್. ಮೂರನೆಯದು ವಿಜಯಾ ಬ್ಯಾಂಕ್ ಬಡಾವಣೆ. ಈ ಮೂರನೆಯ ಊರಿಗೆ ಹೆಸರನ್ನು ಕೊಟ್ಟ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ ಜನಿಸಿ, 1969ರಲ್ಲಿ ಮುಖ್ಯ ಕಚೇರಿಯನ್ನು ಬೆಂಗಳೂರಿಗೆ ತಂದು, 1980ರಲ್ಲಿ ರಾಷ್ಟ್ರೀಕೃತವಾಗಿ, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಬ್ಯಾಂಕು ಹೋಯಿತು, ಬಡಾವಣೆಯ ಹೆಸರು ಉಳಿಯಿತು. ಆ ಕಚೇರಿಯ ಬೆನ್ನು ಹಿಡಿದು ಘಟ್ಟ ಹತ್ತಿ ಬಂದ ಕರಾವಳಿಯ ಸಂಸಾರಗಳೂ, ಅವರ ತಗಡಿನ ಟ್ರಂಕುಗಳಲ್ಲಿ ಸೀರೆಯ ಮಡಿಕೆಗಳ ನಡುವೆ ಪಯಣಿಸಿದ ಭಾವಚಿತ್ರಗಳೂ ಉಳಿದವು. ಹಳೆಯ ಗ್ರಾಮದ ಮನೆಗಳಲ್ಲಾದರೋ ಪಟಗಳು ಟ್ರಂಕನ್ನು ಸೇರಿದವಲ್ಲ. ನಡುಮನೆಯ ಗೋಡೆಯಲ್ಲಿ, ಸೂರಿನ ಕೆಳಗೆ, ಮುಂದಕ್ಕೆ ವಾಲಿಸಿ ಕಟ್ಟಿದ ಚೌಕಟ್ಟುಗಳಲ್ಲಿ ಹೊಗೆ ಕುಡಿಯುತ್ತ ಎರಡು ಮೂರು ತಲೆಮಾರು ಕಳೆದಿವೆ.

ಈ ಎರಡೂ ಬಗೆಯ ಮನೆಗಳಲ್ಲಿ ಇತ್ತೀಚೆಗೆ ಒಂದು ಹೊಸ ಉತ್ಸಾಹ ಮೂಡಿದೆ. ಷಷ್ಟ್ಯಬ್ದಿಗೋ ಶತಮಾನೋತ್ಸವಕ್ಕೋ ಮನೆತನದ ಚರಿತ್ರೆಯನ್ನು ಅಚ್ಚುಹಾಕಿಸುವುದು, ವಂಶವೃಕ್ಷದ ಕೊಂಬೆಕೊಂಬೆಗೂ ಒಂದೊಂದು ಮುಖವನ್ನು ಅಂಟಿಸುವುದು, ಹಳೆಯ ಪಟಗಳನ್ನು ಸ್ಕ್ಯಾನ್ ಮಾಡಿಸಿ ಯಾವುದಾದರೂ ಸಂಗ್ರಹಾಲಯಕ್ಕೆ ಒಪ್ಪಿಸುವುದು. ಆಗ ಮುದ್ರಕನಾಗಲಿ ಸಂಗ್ರಹಾಲಯದ ಅಧಿಕಾರಿಯಾಗಲಿ ಕೇಳುವ ಮೊದಲ ಪ್ರಶ್ನೆ, ಈ ಚಿತ್ರದ ಹಕ್ಕು ಯಾರದು ಎಂಬುದು. ಮನೆಯವರಿಗೆ ಇದು ವಿಚಿತ್ರವಾಗಿ ತೋರುತ್ತದೆ. ತಮ್ಮ ತಾತನ ಪಟ, ತಮ್ಮ ಗೋಡೆಯಲ್ಲಿ ಎಂಬತ್ತು ವರ್ಷ ತೂಗಿದ ಪಟ, ಇನ್ನಾರದಾದೀತು? ಆದರೆ ಚಿತ್ರದಲ್ಲಿ ಕುಳಿತಾತ, ಚಿತ್ರವನ್ನು ತೆಗೆದಾತ, ದುಡ್ಡು ಕೊಟ್ಟು ತೆಗೆಸಿದಾತ, ಕಾಗದವನ್ನು ಇಂದು ಕೈಯಲ್ಲಿ ಹಿಡಿದಾತ, ಈ ನಾಲ್ವರೂ ಬೇರೆ ಬೇರೆ ಆಗಿರಬಹುದಾದ್ದರಿಂದಲೂ, ಕಾಗದದ ಒಡೆತನವೇ ಬೇರೆ ಕೃತಿಸ್ವಾಮ್ಯವೇ ಬೇರೆ ಎಂದು ಕಾನೂನು ಬಗೆಯುವುದರಿಂದಲೂ, ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಅಸಂಗತವಲ್ಲ. ಇದಕ್ಕೆ ಉತ್ತರವನ್ನು ಹುಡುಕಹೊರಟವನು ಕಾಯಿದೆಯ ಪುಸ್ತಕವೊಂದನ್ನೇ ನಂಬಿದರೆ ಅರ್ಧದಾರಿಯಲ್ಲಿ ನಿಲ್ಲುತ್ತಾನೆ. ಆ ಚಿತ್ರದ ಪ್ಲೇಟು ಯಾವ ಸೀಮೆಯಲ್ಲಿ ಬೆಳಕು ಕಂಡಿತು, ಯಾರ ಹಣದಿಂದ ಕಂಡಿತು, ಆಮೇಲೆ ಯಾರ ಕಪಾಟಿನಲ್ಲಿ ಉಳಿಯಿತು ಎಂಬ ಸ್ಥಳಚರಿತ್ರೆಯೇ ಇಲ್ಲಿ ಸಾಕ್ಷ್ಯದ ಬಹುಭಾಗ.

ಬೆಂಗಳೂರಿಗೆ ಕ್ಯಾಮೆರಾ ಬಂದುದು ದಂಡಿನ ಜೊತೆಯಲ್ಲಿ. ಮದರಾಸು ಪದಾತಿ ಪಡೆಯ ಅಧಿಕಾರಿಯಾಗಿ ಇಲ್ಲಿದ್ದ ಲಿನೀಯಸ್ ಟ್ರೈಪ್ 1854ರಲ್ಲಿ ಹಳೇಬೀಡು ಬೇಲೂರುಗಳಿಗೆ ಹೋಗಿ, ಮೇಣ ತೀಡಿದ ಕಾಗದದ ನೆಗೆಟಿವ್‌ಗಳಲ್ಲಿ ಆ ದೇವಾಲಯಗಳನ್ನು ಹಿಡಿದು ತಂದನು. 1857ರಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ಬೆಂಗಳೂರಿನಲ್ಲಿಯೇ ತನ್ನ ಕಾರ್ಯಾಗಾರವನ್ನು ತೆರೆದನು. ಖರ್ಚು ಹೆಚ್ಚಾಯಿತೆಂದು ಸರ್ಕಾರ 1860ರಲ್ಲಿ ಅದನ್ನು ಮುಚ್ಚಿಸಿತು. ಗುಡಿಗೋಪುರಗಳ ಈ ಚಿತ್ರಗಳಲ್ಲಿ ಸಂಸಾರಸ್ಥನ ಮುಖಕ್ಕೆ ಎಡೆಯಿರಲಿಲ್ಲ. ಜೆಲಟಿನ್ ಲೇಪದ ಒಣ ಪ್ಲೇಟು 1870ರ ದಶಕದ ಕೊನೆಯಿಂದೀಚೆಗೆ ಮಾರಾಟಕ್ಕೆ ಬಂದು, ಕತ್ತಲೆ ಕೋಣೆಯ ರಸವಿದ್ಯೆ ತಕ್ಕಮಟ್ಟಿಗೆ ಸುಲಭವಾದ ಮೇಲೆಯೇ ಸ್ಟುಡಿಯೋ ಎಂಬುದು ಒಂದು ಕಸುಬಾಗಿ ನಿಂತಿತು. ಬಾರ್ಟನ್ ಸನ್ ಅಂಡ್ ಕಂಪೆನಿ ಮೈಸೂರು ಸೀಮೆಯ ನೋಟಗಳನ್ನು ಆಲ್ಬಂ ಕಟ್ಟಿ ಮಾರಿತು. ಇಪ್ಪತ್ತನೆಯ ಶತಮಾನದಲ್ಲಿ ಜಿ. ಕೆ. ವೇಲ್ ಮೊದಲಾದ ಹೆಸರುಗಳು ಬೆಂಗಳೂರಿನ ಮನೆಮಾತಾದವು. ದಂಡಿನ ಸೌತ್ ಪೆರೇಡಿನಲ್ಲಿ ದೊರೆಗಳೂ ದಿವಾನರೂ, ಪೇಟೆಯ ಬೀದಿಗಳಲ್ಲಿ ವರ್ತಕರೂ ಶಾನುಭೋಗರೂ, ಉತ್ತರ ದಿಕ್ಕಿಗೆ ಗಾಜು ಹೊದಿಸಿದ ಕೋಣೆಗಳಲ್ಲಿ, ತಲೆ ಅಲುಗಾಡದಂತೆ ಹಿಂದಿನಿಂದ ಕಬ್ಬಿಣದ ಕವೆಯ ಆಸರೆ ಕೊಡಿಸಿಕೊಂಡು, ಉಸಿರು ಬಿಗಿಹಿಡಿದು ಕುಳಿತರು.

ದಂಡು, ಪೇಟೆ ಎಂದು ಎರಡನ್ನು ಬೇರೆಯಾಗಿ ಹೆಸರಿಸಿದ್ದಕ್ಕೆ ಕಾರಣವುಂಟು. ಛಾಯಾಚಿತ್ರಕ್ಕೆ ಕೃತಿಸ್ವಾಮ್ಯವನ್ನು ಮೊಟ್ಟಮೊದಲು ಒಪ್ಪಿದ ಇಂಗ್ಲೆಂಡಿನ 1862ರ ಶಾಸನ ಸಮುದ್ರ ದಾಟಿ ವಸಾಹತುಗಳಿಗೆ ಬರಲಿಲ್ಲ. ಕೆನಡಾದಿಂದ ಹೋದ ಒಂದು ವ್ಯಾಜ್ಯದಲ್ಲಿ ಪ್ರೀವಿ ಕೌನ್ಸಿಲ್ 1903ರಲ್ಲಿ ಹಾಗೆಂದೇ ತೀರ್ಮಾನಿಸಿತು. ಬಂದದ್ದು 1911ರ ಸಾಮ್ರಾಜ್ಯ ಶಾಸನ. 1914ರ ಇಂಡಿಯನ್ ಕಾಪಿರೈಟ್ ಆಕ್ಟ್ ಅದನ್ನು ಅಲ್ಪಸ್ವಲ್ಪ ಮಾರ್ಪಾಡಿನೊಡನೆ ಬ್ರಿಟಿಷ್ ಇಂಡಿಯಾದಲ್ಲಿ ನೆಲೆಗೊಳಿಸಿತು. ಬ್ರಿಟಿಷ್ ಇಂಡಿಯಾ ಎಂದರೆ ಇಡೀ ಇಂಡಿಯಾ ಅಲ್ಲವಷ್ಟೆ. ಇಂದಿನ ಕರ್ನಾಟಕದ ನೆಲ ಆಗ ಎಷ್ಟು ಕೈಗಳಲ್ಲಿ ಹಂಚಿಹೋಗಿತ್ತೆಂಬುದನ್ನು ನಮ್ಮ ಮಕ್ಕಳು ಏಕೀಕರಣದ ಪಾಠದಲ್ಲಿ ಓದಿ ಮರೆಯುತ್ತಾರೆ. ಹಳೆಯ ಪಟವೊಂದನ್ನು ಕೈಗೆತ್ತಿಕೊಂಡವನಿಗೆ ಅದು ಮರೆಯತಕ್ಕ ಸಂಗತಿಯಲ್ಲ. ಮಂಗಳೂರೂ ಬಳ್ಳಾರಿಯೂ ಮದರಾಸು ಆಧಿಪತ್ಯದಲ್ಲಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿ ಆಧಿಪತ್ಯದಲ್ಲಿದ್ದವು. ಕೊಡಗು ಪ್ರತ್ಯೇಕವಾಗಿ ಬ್ರಿಟಿಷರ ಕೈಯಲ್ಲಿತ್ತು. ಇಲ್ಲೆಲ್ಲ 1914ರ ಕಾಯಿದೆ ನೇರವಾಗಿ ನಡೆಯಿತು. ಗುಲ್ಬರ್ಗ, ಬೀದರ್, ರಾಯಚೂರುಗಳು ನಿಜಾಮರವು. ಸೊಂಡೂರು, ಜಮಖಂಡಿ, ಮುಧೋಳಗಳಿಗೆ ತಂತಮ್ಮ ದೊರೆಗಳಿದ್ದರು. ಬಿಳೇಕಹಳ್ಳಿಯಾದರೋ ಮೈಸೂರು ಮಹಾರಾಜರ ಸೀಮೆ; ಬ್ರಿಟಿಷ್ ಇಂಡಿಯಾದ ಕಾಯಿದೆ ತನ್ನಷ್ಟಕ್ಕೆ ತಾನೇ ಇಲ್ಲಿಗೆ ಕಾಲಿಡುವಂತಿರಲಿಲ್ಲ. ಆದರೂ ಆ ಊರಿನಿಂದ ಕೆಲವೇ ಮೈಲಿ ದೂರದಲ್ಲಿದ್ದ ಬೆಂಗಳೂರು ದಂಡು ಪ್ರದೇಶ, 1881ರಲ್ಲಿ ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗ ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡ ತುಂಡಾಗಿ, ರೆಸಿಡೆಂಟರ ಆಡಳಿತದಲ್ಲಿ, ಬ್ರಿಟಿಷ್ ಇಂಡಿಯಾದ ಕಾಯಿದೆಗಳನ್ನು ಅಧಿಸೂಚನೆಗಳ ಮೂಲಕ ಬರಮಾಡಿಕೊಂಡು ನಡೆಯುತ್ತಿತ್ತು. 1947ರ ಜುಲೈ ತಿಂಗಳಲ್ಲಷ್ಟೇ ಅದು ಮೈಸೂರಿಗೆ ಮರಳಿತು.

ಆದ್ದರಿಂದ 1935ರಲ್ಲಿ ಬಿಳೇಕಹಳ್ಳಿಯ ಒಬ್ಬ ಪಟೇಲನು ಗಾಡಿ ಹೂಡಿಸಿಕೊಂಡು ಸಂಸಾರಸಮೇತ ಫೋಟೋ ತೆಗೆಸಲು ಹೊರಟನೆಂದು ಭಾವಿಸಿದರೆ, ಅವನ ಎತ್ತುಗಳು ಕಬ್ಬನ್ ಪಾರ್ಕಿನ ಯಾವ ಮಗ್ಗುಲಿಗೆ ತಿರುಗಿದವು ಎಂಬುದರ ಮೇಲೆ ಆ ಚಿತ್ರದ ಕಾನೂನು ನಿಂತಿತ್ತು. ಚಿಕ್ಕಪೇಟೆಗೆ ಹೋದರೆ ಮಹಾರಾಜರ ಆಡಳಿತ, ಸೌತ್ ಪೆರೇಡಿಗೆ ಹೋದರೆ ರೆಸಿಡೆಂಟರ ಆಡಳಿತ. ಸಾಲದುದಕ್ಕೆ, ಪ್ರಕಟವಾಗದ ಕೃತಿಯ ವಿಷಯದಲ್ಲಿ 1911ರ ಶಾಸನ ಕೇಳುತ್ತಿದ್ದುದು ಕರ್ತೃವು ಬ್ರಿಟಿಷ್ ಪ್ರಜೆಯೇ, ಇಲ್ಲವೇ ಆ ಶಾಸನ ನಡೆಯುವ ಸೀಮೆಯ ನಿವಾಸಿಯೇ ಎಂದು. ಮತ್ತು ಛಾಯಾಚಿತ್ರದ ಮಟ್ಟಿಗೆ ಕರ್ತೃ ಎಂದರೆ ಕ್ಯಾಮೆರಾದ ಹಿಂದೆ ನಿಂತವನಲ್ಲ, ನೆಗೆಟಿವ್ ತಯಾರಾದ ಹೊತ್ತಿನಲ್ಲಿ ಅದರ ಒಡೆಯನಾಗಿದ್ದವನು. ಮೈಸೂರಿನ ಪ್ರಜೆ ಬ್ರಿಟಿಷರ ರಕ್ಷಣೆಯಲ್ಲಿದ್ದರೂ ಬ್ರಿಟಿಷ್ ಪ್ರಜೆಯಲ್ಲ. ಅಂತೂ ದಂಡಿನ ಸ್ಟುಡಿಯೋದಲ್ಲಿ ತೆಗೆದ ಪಟಕ್ಕೆ ಇದ್ದ ರಕ್ಷಣೆ ಪೇಟೆಯ ಸ್ಟುಡಿಯೋದಲ್ಲಿ ತೆಗೆದ ಪಟಕ್ಕೆ ಅದೇ ಶಾಸನದಿಂದ ದೊರೆಯಿತೆಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಇದು ಬರಿಯ ಪಾಂಡಿತ್ಯದ ಚಮತ್ಕಾರವೆಂದು ತಳ್ಳಿಹಾಕುವುದೂ ಸಲ್ಲದು. ಏಕೆಂದರೆ ಸ್ವತಂತ್ರ ಭಾರತದ 1957ರ ಕಾಯಿದೆ ತನ್ನ 79ನೆಯ ಕಲಮಿನಲ್ಲಿ, ರದ್ದಾದ ಹಳೆಯ ಕಾಯಿದೆಗಳ ಅಡಿಯಲ್ಲಿ ಯಾವ ಕೃತಿಗೆ ಸ್ವಾಮ್ಯವಿರಲಿಲ್ಲವೋ ಆ ಕೃತಿಗೆ ಈ ಹೊಸ ಕಾಯಿದೆಯಿಂದಲೂ ಸ್ವಾಮ್ಯ ಹುಟ್ಟುವುದಿಲ್ಲವೆಂದು ವಿಧಿಸಿತು. ಸಂಸ್ಥಾನದ ಹಳೆಯ ಗಡಿಗೆರೆ ಹೀಗೆ ಇಂದಿನ ವಾದಕ್ಕೂ ಬಂದು ಸೇರುತ್ತದೆ. 1951ರಲ್ಲಿ ಮೈಸೂರಿನಂಥ ಹಿಂದಿನ ಸಂಸ್ಥಾನಗಳಿಂದಾದ ಬಿ ವರ್ಗದ ರಾಜ್ಯಗಳಿಗೆ ಕೇಂದ್ರದ ಕಾಯಿದೆಗಳನ್ನು ಸಾಲುಸಾಲಾಗಿ ವಿಸ್ತರಿಸಿದ ಮೇಲೆ ಈ ಬೇಲಿಗಳು ಕುಗ್ಗಿದವು. 1958ರ ಜನವರಿ 21ರಂದು ಹೊಸ ಕಾಯಿದೆ ಜಾರಿಗೆ ಬಂದಂದಿನಿಂದ ಬಿಳೇಕಹಳ್ಳಿಗೂ ಮಂಗಳೂರಿಗೂ ಈ ವಿಷಯದಲ್ಲಿ ಭೇದವುಳಿಯಲಿಲ್ಲ. ವಿಜಯಾ ಬ್ಯಾಂಕ್ ಬಡಾವಣೆಯ ಟ್ರಂಕಿನಲ್ಲಿರುವ, 1938ರಲ್ಲಿ ಮಂಗಳೂರಿನಲ್ಲಿ ತೆಗೆಸಿದ ಮದುವೆಯ ಪಟಕ್ಕೂ, ಅದೇ ವರ್ಷ ಬೆಂಗಳೂರು ಪೇಟೆಯಲ್ಲಿ ತೆಗೆಸಿ ಹಳ್ಳಿಯ ಗೋಡೆಗೆ ಹಾಕಿದ ಪಟಕ್ಕೂ ಮಾತ್ರ, ಈಗ ಅವೆರಡೂ ಒಂದೇ ವಾರ್ಡಿನಲ್ಲಿದ್ದರೂ, ಹುಟ್ಟಿನ ಕಾನೂನು ಬೇರೆ ಬೇರೆ.

ಅಂಥ ಒಂದು ಪಟವನ್ನು ಗೋಡೆಯಿಂದಿಳಿಸಿ ಕೈಯಲ್ಲಿ ಹಿಡಿದು ನೋಡಬೇಕು. ನಡುವೆ ಕುರ್ಚಿಯಲ್ಲಿ ಯಜಮಾನ, ಜರಿಪೇಟ, ಮುಚ್ಚುಕೋಟು, ತೊಡೆಯ ಮೇಲೆ ಅಂಗೈ. ಪಕ್ಕದಲ್ಲಿ ಎಂದೂ ಕುರ್ಚಿಯಲ್ಲಿ ಕುಳಿತಿರದ ಯಜಮಾನಿ, ಪಾದ ನೆಲಕ್ಕೆ ತಾಕಿಯೂ ತಾಕದ ಹಾಗೆ. ಮಂಡಿಯ ಬಳಿ ಅಲುಗಾಡಿ ಮುಖ ಮಸುಕಾದ ಒಂದು ಮಗು. ಹಿಂದೆ ಬೆಂಗಳೂರಿನಲ್ಲೆಲ್ಲೂ ಇಲ್ಲದ ಸರೋವರವನ್ನೂ ಕಮಾನುಕಂಬಗಳನ್ನೂ ಬರೆದ ಪರದೆ. ಯಜಮಾನನ ಕೆನ್ನೆ ವಯಸ್ಸಿಗೆ ಮೀರಿ ನುಣುಪಾಗಿದೆಯೆಂದರೆ, ಪ್ಲೇಟಿನ ಲೇಪದ ಮೇಲೆ ಸೀಸದ ಕಡ್ಡಿಯಿಂದ ಸಣ್ಣ ಸಣ್ಣ ಗೀರೆಳೆದು ಸಿಡುಬಿನ ಕಲೆಯನ್ನು ಮುಚ್ಚಿದ ರೀಟಚ್ ಕೆಲಸಗಾರನ ಕೈ ಅಲ್ಲಿದೆ. ಇದಿಷ್ಟೂ ಮುಖದ ಕಡೆಯ ಮಾತು. ಹಕ್ಕನ್ನು ಅರಸುವವನಿಗೆ ಬೇಕಾದದ್ದು ಬೆನ್ನಿನ ಕಡೆ. ದಪ್ಪ ರಟ್ಟಿನ ಮೌಂಟಿನ ಅಂಚಿನಲ್ಲಿ ಒತ್ತಿದ ಅಥವಾ ಅಚ್ಚುಮಾಡಿದ ಸ್ಟುಡಿಯೋದ ಹೆಸರು ಮತ್ತು ಬೀದಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಗೀಚಿದ ನೆಗೆಟಿವ್ ಸಂಖ್ಯೆ. ಅದೃಷ್ಟವಿದ್ದರೆ ತಾರೀಖು, ಬೇಕಾದ ಪ್ರತಿಗಳ ಲೆಕ್ಕ. ಆ ಪೆನ್ಸಿಲ್ ಸಂಖ್ಯೆ ಸ್ಟುಡಿಯೋದ ರಿಜಿಸ್ಟರಿನಲ್ಲಿ ಗಿರಾಕಿಯ ಹೆಸರಿಗೂ ಪಾವತಿಯ ಮೊತ್ತಕ್ಕೂ ಗಂಟುಹಾಕಿದ ದಾರ. ಸ್ಕ್ಯಾನ್ ಮಾಡಿಸುವ ಭರದಲ್ಲಿ ಚಿತ್ರವನ್ನು ಮೌಂಟಿನಿಂದ ಎಬ್ಬಿಸಿ, ಗೆದ್ದಲು ತಿಂದ ರಟ್ಟನ್ನು ಗುಡಿಸಿ ಎಸೆಯುವವರನ್ನು ಕಂಡಾಗ ನನಗೆ ಕ್ರಯಪತ್ರವನ್ನು ಒಲೆಗೆ ಹಾಕಿ ಹೊಲವನ್ನು ತಬ್ಬಿಕೊಂಡು ಕೂತವರ ನೆನಪಾಗುತ್ತದೆ.

ಹಣ ಕೊಟ್ಟವನ ಹೆಸರು ಅಷ್ಟು ಮುಖ್ಯವಾಗುವುದೇಕೆಂದರೆ, 1911ರ ಶಾಸನವೂ 1957ರ ಕಾಯಿದೆಯೂ ಈ ಒಂದು ವಿಷಯದಲ್ಲಿ ಒಂದೇ ಮಾತನ್ನಾಡಿವೆ. ಒಬ್ಬನ ಅಪೇಕ್ಷೆಯ ಮೇರೆಗೆ, ಅವನಿಂದ ತಕ್ಕ ಪ್ರತಿಫಲ ಪಡೆದು ಛಾಯಾಚಿತ್ರವನ್ನು ತೆಗೆದಲ್ಲಿ, ಬೇರೆ ಕರಾರು ಇಲ್ಲದಿರುವಾಗ, ಕೃತಿಸ್ವಾಮ್ಯದ ಪ್ರಥಮ ಒಡೆಯ ತೆಗೆಸಿದವನೇ ಹೊರತು ತೆಗೆದವನಲ್ಲ; ಈಗಿನ ಕಾಯಿದೆಯ 17ನೆಯ ಕಲಮಿನ ಬಿ ಖಂಡ ಹಾಗೆ ಹೇಳುತ್ತದೆ. ಈ ನಿಯಮವನ್ನು ನಮಗೆ ಕಲಿಸಿದ ಇಂಗ್ಲೆಂಡು ತಾನು 1988ರ ಶಾಸನದಲ್ಲಿ ಅದನ್ನು ಕೈಬಿಟ್ಟು, ತೆಗೆಸಿದವನಿಗೆ ಕೇವಲ ಏಕಾಂತತೆಯ ರಕ್ಷಣೆಯೊಂದನ್ನು ಉಳಿಸಿತು. ನಾವು ಹಿಡಿದುಕೊಂಡೇ ಇದ್ದೇವೆ, ಮತ್ತು ಕುಟುಂಬಗಳ ಮಟ್ಟಿಗೆ ಅದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಪಟೇಲನು ತನ್ನ ಕಿಸೆಯಿಂದ ರೂಪಾಯಿ ಎಣಿಸಿ ಕೊಟ್ಟ ಕ್ಷಣದಲ್ಲಿ ಹಕ್ಕು ಅವನದಾಯಿತು. ಅವನ ಕಾಲಾನಂತರ ಅವನ ಉತ್ತರಾಧಿಕಾರಿಗಳದಾಯಿತು.

ಜನ ಹೀಗೆ ತಿಳಿಯಲಿಲ್ಲವೆಂಬುದೇ ಕೌತುಕ. ಪಟ ಸ್ಟುಡಿಯೋದವನದು, ಅವನನ್ನು ಕೇಳದೆ ಪ್ರತಿ ಮಾಡಿಸಬಾರದು ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಹುಕಾಲ ಬೇರೂರಿತ್ತು. ಅದಕ್ಕೆ ಕಾರಣ ಕಾನೂನಲ್ಲ, ಕಸುಬಿನ ಪದ್ಧತಿ. ಗಿರಾಕಿಯ ಕೈಗೆ ಬರುತ್ತಿದ್ದುದು ಪ್ರಿಂಟು ಮಾತ್ರ. ಗಾಜಿನ ಪ್ಲೇಟು ಸ್ಟುಡಿಯೋದ ಹಲಗೆಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು. ಪ್ಲೇಟು ಕಾದಿರಿಸಲಾಗಿದೆ, ಸಂಖ್ಯೆ ತಿಳಿಸಿದರೆ ಯಾವಾಗ ಬೇಕಾದರೂ ಪ್ರತಿಗಳು ದೊರೆಯುತ್ತವೆ ಎಂಬರ್ಥದ ಸಾಲನ್ನು ಮೌಂಟಿನ ಹಿಂದೆ ಅಚ್ಚುಹಾಕುವುದು ಪ್ರಪಂಚದೆಲ್ಲೆಡೆಯ ಸ್ಟುಡಿಯೋಗಳ ರೂಢಿಯಾಗಿತ್ತು. ಮಗಳು ಅತ್ತೆಮನೆಗೆ ಹೋಗುವಾಗ ಅಪ್ಪನ ಪಟ ಬೇಕೆಂದಳು, ಸ್ಟುಡಿಯೋಗೆ ಹೋಗಬೇಕು. ಕಿರಿಯ ಮಗ ಮನೆ ಬೇರೆ ಮಾಡಿದನು, ಸ್ಟುಡಿಯೋಗೆ ಹೋಗಬೇಕು. ಯಜಮಾನ ತೀರಿಕೊಂಡನು, ವೈಕುಂಠ ಸಮಾರಾಧನೆಯೊಳಗೆ ಎನ್ಲಾರ್ಜ್ ಮಾಡಿಸಬೇಕು, ಆಗಲೂ ಸ್ಟುಡಿಯೋಗೇ ಹೋಗಬೇಕು. ಪ್ರತಿಯೊಂದು ಸಂದರ್ಭದಲ್ಲೂ ತಾನೇ ಕೃತಿಸ್ವಾಮ್ಯದ ಒಡೆಯನಾಗಿದ್ದ ಚಿತ್ರವನ್ನು ಗಿರಾಕಿ ಬೇಡಿ ಪಡೆದನು. ಪ್ಲೇಟಿನ ವಶ ಒಬ್ಬನಲ್ಲಿಯೂ ಚಿತ್ರದ ಸ್ವಾಮ್ಯ ಮತ್ತೊಬ್ಬನಲ್ಲಿಯೂ ಇದ್ದು, ವಶದಲ್ಲಿಟ್ಟುಕೊಂಡವನೇ ಸ್ವಾಮಿಯೆಂದು ಇಬ್ಬರೂ ನಂಬಿದ ಈ ಸ್ಥಿತಿ ಯಾರ ಮೋಸದಿಂದಲೂ ಹುಟ್ಟಿದ್ದಲ್ಲ. ಗಾಜು ಒಡೆಯುವ ವಸ್ತು, ಅದನ್ನು ಬೇಸಾಯಗಾರನ ಮನೆಯಲ್ಲಿ ಇಡುವುದು ಯಾರಿಗೂ ಬೇಕಿರಲಿಲ್ಲ.

ಇನ್ನು ಷೋಕೇಸಿನ ವಿಚಾರ. ಸ್ಟುಡಿಯೋದ ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಊರಿನ ಸುಂದರ ವಧೂವರರೂ, ಬಿ.ಎ. ಗೌನು ತೊಟ್ಟ ತರುಣರೂ, ಕೃಷ್ಣನ ವೇಷದ ಮಕ್ಕಳೂ ವರ್ಷಗಟ್ಟಲೆ ನಿಂತು ಬಣ್ಣಗೆಡುತ್ತಿದ್ದರು. ಕೆಲವರು ಅದನ್ನು ಗೌರವವೆಂದು ಬಗೆದರು. ಹೆಣ್ಣುಮಕ್ಕಳ ತಂದೆಗಳು ಹೋಗಿ ಜಗಳಾಡಿದ್ದೂ ಉಂಟು. ಇಂಥದೇ ಒಂದು ಜಗಳ ಇಂಗ್ಲೆಂಡಿನಲ್ಲಿ 1888ರಲ್ಲಿ ನ್ಯಾಯಾಲಯದವರೆಗೆ ನಡೆಯಿತು. ಪೊಲಾರ್ಡ್ ಎಂಬ ಗೃಹಿಣಿ ರಾಚೆಸ್ಟರ್ ಊರಿನ ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ತನ್ನ ಚಿತ್ರವನ್ನು ತೆಗೆಸಿದಳು. ಸ್ಟುಡಿಯೋದವನು ಅದೇ ಪ್ಲೇಟಿನಿಂದ ಕ್ರಿಸ್‌ಮಸ್ ಕಾರ್ಡು ಮಾಡಿ ಅಂಗಡಿಯ ಕಿಟಕಿಯಲ್ಲಿಟ್ಟನು. ಗಿರಾಕಿಗೆಂದು ಪ್ಲೇಟನ್ನು ತೆಗೆದವನು ಗಿರಾಕಿಗಲ್ಲದೆ ಅನ್ಯಥಾ ಅದನ್ನು ಬಳಸಬಾರದೆಂಬ ಒಪ್ಪಂದ ಬಾಯಿಬಿಟ್ಟು ಹೇಳದಿದ್ದರೂ ಆ ವ್ಯವಹಾರದಲ್ಲಿ ಅಡಗಿಯೇ ಇದೆ ಎಂದು ನ್ಯಾಯಾಧೀಶ ನಾರ್ತ್ ತೀರ್ಪಿತ್ತನು. ಪ್ಲೇಟು ಸ್ಟುಡಿಯೋದವನ ಸೊತ್ತಾಗಿ ಉಳಿದರೂ ಅದನ್ನು ಮನಬಂದಂತೆ ಬಳಸುವ ಅಧಿಕಾರ ಅವನಿಗಿಲ್ಲ ಎಂಬ ಈ ನ್ಯಾಯವನ್ನು, ನಮ್ಮ ಪೇಟೆಬೀದಿಗಳಲ್ಲಿ ಜಗಳಕ್ಕೆ ನಿಂತ ತಂದೆಗಳು ಯಾವ ಪುಸ್ತಕವನ್ನೂ ಓದದೆಯೇ ಗ್ರಹಿಸಿದ್ದರು.

ಫೋಟೋ ತೆಗೆಸಿದರೆ ಆಯುಸ್ಸು ಸವೆಯುತ್ತದೆಂಬ ಭೀತಿ ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿಯೂ ಇತ್ತು. ಬದುಕಿರುವಾಗ ಒಪ್ಪದ ಹಿರಿಯನನ್ನು, ತೀರಿಕೊಂಡ ದಿನ ಸ್ನಾನ ಮಾಡಿಸಿ, ಪೇಟ ಸುತ್ತಿ, ಕುರ್ಚಿಯಲ್ಲಿ ಕೂರಿಸಿ, ಸುತ್ತ ಮನೆಮಂದಿ ನಿಂತು, ಪೇಟೆಯಿಂದ ಕರೆತಂದ ಫೋಟೋದವನಿಂದ ಹಿಡಿಸುವುದು ರೂಢಿಯಾಗಿತ್ತು. ಎಷ್ಟೋ ಮನೆಗಳಲ್ಲಿ ಮೂಲಪುರುಷನದೆಂದು ಇರುವುದು ಅದೊಂದೇ ಚಿತ್ರ. ಮುಂದೆ ಅದರಿಂದ ಮುಖವನ್ನಷ್ಟೇ ಬಿಡಿಸಿ, ದೊಡ್ಡದು ಮಾಡಿ, ಚಿತ್ರಕಾರನ ಕೈಯಲ್ಲಿ ಮುಚ್ಚಿದ ಕಣ್ಣುಗಳನ್ನು ತೆರೆಸಿ, ಕೋಟು ತೊಡಿಸಿ, ಬಣ್ಣ ಹಚ್ಚಿ ಗೋಡೆಗೆ ಏರಿಸಿದರು. ಇಲ್ಲಿ ಕೃತಿಗಳು ಎರಡು. ಹೆಣದ ಫೋಟೋ ಒಂದು, ಅದನ್ನು ಆಧರಿಸಿ ಕಣ್ಣನ್ನೂ ಕೋಟನ್ನೂ ಕಲ್ಪಿಸಿದ ವರ್ಣಚಿತ್ರ ಇನ್ನೊಂದು. ದುಡ್ಡು ಕೊಟ್ಟವನು ಹಿರಿಯ ಮಗನಾದ್ದರಿಂದ ಎರಡರಲ್ಲಿಯೂ ಪ್ರ­ಥಮ ಸ್ವಾಮ್ಯ ಅವನದೇ. ಅವಧಿಯ ಲೆಕ್ಕ ಮಾತ್ರ ಬೇರೆ ಬೇರೆ. ಇದ್ದುದನ್ನು ಇದ್ದ ಹಾಗೆ ಮತ್ತೊಮ್ಮೆ ಪ್ರತಿ ಮಾಡಿದರೆ, ಸ್ಕ್ಯಾನ್ ಮಾಡಿದರೆ, ಹೊಸ ಕೃತಿ ಹುಟ್ಟಿತೆನ್ನಲು ಬರುವುದಿಲ್ಲ. ಬರಿಯ ಬೆವರು ಸಾಲದು, ಸೃಷ್ಟಿಶೀಲತೆಯ ಕಿಂಚಿದಂಶವಾದರೂ ಇರಬೇಕೆಂಬುದು ಈಸ್ಟರ್ನ್ ಬುಕ್ ಕಂಪೆನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಿಡಿದ ನಿಲುವು.

ಮನೆಯಲ್ಲೇ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಬಾಕ್ಸ್ ಕ್ಯಾಮೆರಾ ಕೊಂಡಾಗ ಲೆಕ್ಕಾಚಾರ ಪಲ್ಲಟವಾಗುತ್ತದೆ. ಇಲ್ಲಿ ಪ್ರತಿಫಲವಿಲ್ಲ, ಗಿರಾಕಿಯಿಲ್ಲ. ಹಬ್ಬದ ದಿನ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರ 1935ರದಾದರೆ, ಹಳೆಯ ಶಾಸನದ ಪ್ರಕಾರ ಕರ್ತೃವು ಆ ರೋಲನ್ನು ಕೊಂಡ ಒಡೆಯ. 1965ರದಾದರೆ, ಹೊಸ ಕಾಯಿದೆಯ ಪ್ರಕಾರ ಗುಂಡಿ ಒತ್ತಿದವನು. ಮಾವನು ತಾನೂ ಚಿತ್ರದಲ್ಲಿ ಬರಬೇಕೆಂದು ಕ್ಯಾಮೆರಾವನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟಿದ್ದರೆ, ಇಡೀ ಮನೆತನ ಸೇರಿದ ಆ ಏಕೈಕ ಚಿತ್ರಕ್ಕೆ, ಈಗೆಲ್ಲಿರುವನೋ ತಿಳಿಯದ ಆ ಹುಡುಗನೇ ಕರ್ತೃ. ಮಾವನದೇ ಆಗಿದ್ದರೂ ಸಂಕಟ ತಪ್ಪಿದ್ದಲ್ಲ. ಕೃತಿಸ್ವಾಮ್ಯ ಚರಾಸ್ತಿ, ಅವನು ಉಯಿಲು ಬರೆಯದೆ ತೀರಿಕೊಂಡರೆ ಅವನ ಹೆಂಡತಿ ಮಕ್ಕಳೆಲ್ಲರಿಗೂ, ಹೆಣ್ಣುಮಕ್ಕಳನ್ನೂ ಒಳಗೊಂಡು, ಪಾಲು ಬರುತ್ತದೆ. ಬಿಳೇಕಹಳ್ಳಿಯಲ್ಲಿ ಎಕರೆಗಟ್ಟಲೆ ಹೊಲ ಬಡಾವಣೆಯಾದಾಗ ಅಣ್ಣತಮ್ಮಂದಿರು ಗುಂಟೆ ಗುಂಟೆಗೂ ವಿಭಾಗಪತ್ರ ಬರೆಸಿದರು. ಆಲ್ಬಮ್ಮಿನ ಮೇಲೆ ವಿಭಾಗಪತ್ರ ಬರೆಸಿದವರನ್ನು ನಾನು ಕಂಡಿಲ್ಲ. ಹಾಗಾಗಿ ಅದು ಇಂದಿಗೂ ಅವಿಭಕ್ತ ಸೊತ್ತು. ಒಬ್ಬ ಮಗ ಜೆ.ಪಿ. ನಗರದಲ್ಲಿ, ಒಬ್ಬ ಮಗಳು ನ್ಯೂಜೆರ್ಸಿಯಲ್ಲಿ.

ಅವಧಿಯ ವಿಷಯ. 1911ರ ಶಾಸನದಲ್ಲಿ ಛಾಯಾಚಿತ್ರಕ್ಕೆ ನೆಗೆಟಿವ್ ತಯಾರಾದಂದಿನಿಂದ ಐವತ್ತು ವರ್ಷ. ಈ ಲೆಕ್ಕದಲ್ಲಿ, 1908ಕ್ಕೆ ಹಿಂದಿನ ಯಾವ ಪಟವೇ ಆಗಲಿ, ಹೊಸ ಕಾಯಿದೆ ಜಾರಿಗೆ ಬರುವ ಹೊತ್ತಿಗೆ ಸರ್ವರ ಸೊತ್ತಾಗಿತ್ತು. ಅದರ ಬಗೆಗೆ ಚರ್ಚೆಯಿಲ್ಲ. 1957ರ ಕಾಯಿದೆ ಗಡಿಯಾರವನ್ನು ನೆಗೆಟಿವಿನಿಂದ ಕಿತ್ತು ಪ್ರಕಟಣೆಗೆ ಕಟ್ಟಿತು: ಪ್ರಕಟವಾದ ಮರುವರ್ಷದ ಆರಂಭದಿಂದ ಐವತ್ತು ವರ್ಷ. ಸಾಹಿತ್ಯಕ್ಕೆ ಮಾತ್ರ ಆ ಐವತ್ತರ ಎಣಿಕೆ ಕರ್ತೃವಿನ ಮರಣದಿಂದ. ರವೀಂದ್ರನಾಥ ಠಾಕೂರರು 1941ರಲ್ಲಿ ಕಾಲವಾದವರಾದ್ದರಿಂದ ಅವರ ಕೃತಿಗಳ ಸ್ವಾಮ್ಯ 1991ರ ಕೊನೆಗೆ ಮುಗಿಯುವುದಿತ್ತು. ಅದನ್ನು ಉಳಿಸಿಕೊಳ್ಳಲು ವಿಶ್ವಭಾರತಿಯ ಕಡೆಯಿಂದ ಬಂದ ಒತ್ತಾಯದ ಫಲವಾಗಿ ಐವತ್ತು ಅರವತ್ತಾಯಿತು, ಮತ್ತು ಗುರುದೇವರ ಹೆಸರಿನಲ್ಲಿ ನಮ್ಮ ಪಟೇಲನ ಪಟಕ್ಕೂ ಹತ್ತು ವರ್ಷ ಆಯುಸ್ಸು ಹೆಚ್ಚಿತು. 2012ರ ಜೂನ್ 21ರಿಂದ ಛಾಯಾಚಿತ್ರದ ಪ್ರತ್ಯೇಕ ಕಲಮನ್ನೇ ತೆಗೆದುಹಾಕಿ, ಅದನ್ನು ಇತರ ಕಲಾಕೃತಿಗಳ ಸಾಲಿಗೆ ಸೇರಿಸಿದರು. ಈಗ ಕರ್ತೃವಿನ ಜೀವಮಾನ ಮತ್ತು ಆಮೇಲೆ ಅರವತ್ತು ವರ್ಷ. ಅಷ್ಟರೊಳಗೆ ಅವಧಿ ಮುಗಿದಿದ್ದವು ಮತ್ತೆ ಜೀವ ತಳೆಯಲಿಲ್ಲವಾದ್ದರಿಂದ, 1952ಕ್ಕೆ ಮೊದಲು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅಚ್ಚಾದ ಚಿತ್ರಗಳು ಮುಕ್ತವೆಂದು ಧೈರ್ಯವಾಗಿ ಹೇಳಬಹುದು.

ಹೆಸರುಳ್ಳ ಛಾಯಾಗ್ರಾಹಕರ ವಿಷಯದಲ್ಲಿ ಹೊಸ ನಿಯಮ ಸುಗಮ. ಮೈಸೂರಿನ ಟಿ. ಎಸ್. ಸತ್ಯನ್ ಅವರು 2009ರಲ್ಲಿ ತೀರಿಕೊಂಡರು. 1952ರಿಂದೀಚೆಗೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಚಿತ್ರಗಳಿಗೆ 2069ರ ಕೊನೆಯವರೆಗೆ ಸ್ವಾಮ್ಯ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳಿಗೆ 2067ರವರೆಗೆ. ಆದರೆ ಕುಟುಂಬದ ಪಟಕ್ಕೆ ಈ ಅಳತೆಗೋಲನ್ನು ಹಿಡಿದಾಗ ಪರಿಸ್ಥಿತಿ ಹಾಸ್ಯಕ್ಕೆ ತಿರುಗುತ್ತದೆ. ಹಕ್ಕಿನ ಒಡೆತನ ಪಟೇಲನ ವಂಶದ್ದು, ಹಕ್ಕಿನ ಆಯುಸ್ಸು ಮಾತ್ರ ಸ್ಟುಡಿಯೋದವನ ಆಯುಸ್ಸಿಗೆ ಕಟ್ಟಿದ್ದು. ಅವನ ಹೆಸರೇ ಯಾರಿಗೂ ತಿಳಿಯದಿರುವಾಗ ಅವನ ಮರಣದ ವರ್ಷವನ್ನು ಎಲ್ಲಿಂದ ತರುವುದು? ಇದಲ್ಲದೆ 22ನೆಯ ಕಲಮು ಮಾತನಾಡುವುದು ಕರ್ತೃವಿನ ಜೀವಿತದಲ್ಲಿ ಪ್ರಕಟವಾದ ಕೃತಿಯ ಬಗೆಗೆ. ಮರಣೋತ್ತರ ಪ್ರಕಟಣೆಯ ಕಲಮಿನಲ್ಲಿ ಸಾಹಿತ್ಯ, ನಾಟಕ, ಸಂಗೀತ, ಕೆತ್ತನೆಯ ಅಚ್ಚು ಇವುಗಳ ಹೆಸರಿದೆ, ಫೋಟೋದ ಹೆಸರಿಲ್ಲ. ನಡುಮನೆಯಲ್ಲಿ ತೂಗಿದ ಮಾತ್ರಕ್ಕೆ ಪಟ ಪ್ರಕಟವಾಯಿತೆನ್ನುವಂತಿಲ್ಲ. ಹೀಗಾಗಿ 1958ರ ಆಚೀಚಿನ ಅಪ್ರಕಟಿತ ಚಿತ್ರವನ್ನು, ಹಳೆಯ ನೆಗೆಟಿವ್ ಲೆಕ್ಕದಂತೆ ಎಂದೋ ಮುಕ್ತವಾಯಿತೆಂದು ಕೆಲವರೂ, ಗಡಿಯಾರ ಇನ್ನೂ ಶುರುವಾಗಿಯೇ ಇಲ್ಲವೆಂದು ಕೆಲವರೂ ಓದಲು ಅವಕಾಶ ಉಳಿದಿದೆ. ಕುಟುಂಬದ ಪಟವನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವ ಶಾಸನಕಾರನೂ ಲೇಖನಿ ಹಿಡಿಯಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಬಹುಪಾಲು ಸ್ಟುಡಿಯೋಗಳು ಕಲರ್ ಲ್ಯಾಬುಗಳ ಕಾಲದಲ್ಲಿಯೇ ಸೊರಗಿ, ಮೊಬೈಲ್ ಬಂದಮೇಲೆ ಬಾಗಿಲು ಹಾಕಿದವು. ಪ್ಲೇಟುಗಳ ಲೇಪವನ್ನು ತೊಳೆದು ಗಾಜನ್ನು ಚೌಕಟ್ಟುಗಳಿಗೆ ಬಳಸಿದ್ದುಂಟು. ಯಾರದೋ ಪಟವನ್ನು ಕಾಯುತ್ತಿರುವ ಗಾಜು ಮತ್ತಾರದೋ ಮುಖವನ್ನು ಹೊತ್ತಿದ್ದ ಪ್ಲೇಟೇ ಆಗಿರಬಹುದು. ಗಿರಾಕಿಗಳ ರಿಜಿಸ್ಟರು ರದ್ದಿಗೆ ಹೋಯಿತು. ತಮಿಳುನಾಡಿನಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಹಳೆಯ ಸ್ಟುಡಿಯೋಗಳ ನೆಗೆಟಿವ್‌ಗಳನ್ನೂ ಮನೆಮನೆಯ ಪಟಗಳನ್ನೂ ಹುಡುಕಿ ಪ್ರತಿ ತೆಗೆದಿಟ್ಟರು. 2010ರಲ್ಲಿ ಅನುಷಾ ಯಾದವ್ ಅವರು ಆರಂಭಿಸಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಕುಟುಂಬದ ಚಿತ್ರಗಳನ್ನು ಅವುಗಳ ಕಥೆಯೊಡನೆ ಸಂಗ್ರಹಿಸುತ್ತ ಬಂದಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಛಾಯಾಚಿತ್ರಕ್ಕೆ ಶಿಲ್ಪದ ಸರಿಸಮಾನವಾದ ಪೀಠವನ್ನು ಕೊಟ್ಟಿದೆ.

ಒಡೆಯ ಪತ್ತೆಯಾಗದ ಕೃತಿಗೆ ಕಾಯಿದೆ ಒಂದು ಕಿರುಬಾಗಿಲನ್ನು ಇಟ್ಟಿಲ್ಲವೆಂದಲ್ಲ. 1983ರ ತಿದ್ದುಪಡಿಯಲ್ಲಿ ಬಂದ 31ಎ ಕಲಮಿನ ಪ್ರಕಾರ, ಕರ್ತೃ ಮೃತನಾಗಿರುವ, ಅಜ್ಞಾತನಾಗಿರುವ, ಅಥವಾ ಸ್ವಾಮ್ಯದ ಒಡೆಯ ಸಿಕ್ಕದಿರುವ ಅಪ್ರಕಟಿತ ಭಾರತೀಯ ಕೃತಿಯನ್ನು ಪ್ರಕಟಿಸಲು ಅನುಮತಿ ಬೇಡಬಹುದು. ಬೇಡಿಕೆಯನ್ನು ಮೊದಲು ಕೃತಿಸ್ವಾಮ್ಯ ಮಂಡಲಿಗೆ ಸಲ್ಲಿಸಬೇಕಿತ್ತು, 2021ರ ಬದಲಾವಣೆಯ ಬಳಿಕ ವಾಣಿಜ್ಯ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಅದಕ್ಕೆ ಮುನ್ನ, ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಬೇಗೂರು ಹೋಬಳಿಯಲ್ಲಿ ಕಳೆದುಹೋದ ಒಬ್ಬ ಸ್ಟುಡಿಯೋದವನ ಮೊಮ್ಮಕ್ಕಳನ್ನು ಹುಡುಕಲು ದಿಲ್ಲಿಯವರೂ ಓದುವ ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು ಹಾಕತಕ್ಕದ್ದು. ಕನ್ನಡ ಪತ್ರಿಕೆ ಬೇಕಾಗುವುದು ಅನುವಾದದ ಪ್ರಸಂಗವಿದ್ದರಷ್ಟೇ. ಮನೆತನದ ಪುಸ್ತಕಕ್ಕೆ ಇಷ್ಟು ದೂರ ಹೋಗುವವರು ಅಪರೂಪ, ಹೋಗಬೇಕಾದ ಅಗತ್ಯವೂ ಬಹುಮಟ್ಟಿಗೆ ಇಲ್ಲ: ದುಡ್ಡು ಕೊಟ್ಟು ತೆಗೆಸಿದ ಪಟವಾದರೆ ಹಕ್ಕು ಮನೆಯೊಳಗೇ ಇದೆ, ಖಾಸಗಿ ಉಪಯೋಗಕ್ಕೆ ಪ್ರತಿ ಮಾಡಿಕೊಳ್ಳಲು 52ನೆಯ ಕಲಮು ಅಡ್ಡಿ ಮಾಡುವುದಿಲ್ಲ, ಮತ್ತು ಸ್ಟುಡಿಯೋದ ಹೆಸರನ್ನು ಚಿತ್ರದ ಕೆಳಗೆ ನಮೂದಿಸಿದರೆ 57ನೆಯ ಕಲಮು ಕರ್ತೃವಿಗೆ ಕೊಟ್ಟಿರುವ ಮರ್ಯಾದೆಯೂ ಸಂದಂತಾಯಿತು. ಸಂಗ್ರಹಾಲಯಕ್ಕೆ ಒಪ್ಪಿಸುವುದಾದರೆ ಪಟದ ಜೊತೆಗೆ ಒಂದು ಪತ್ರ ಹೋಗಬೇಕು: ಯಾವ ಊರಿನ ಯಾವ ಬೀದಿಯಲ್ಲಿ, ಯಾವ ವರ್ಷ, ಯಾರು ತೆಗೆಸಿದ್ದು, ಅವರ ವಾರಸುದಾರರಾರು, ಅವರೆಲ್ಲರ ರುಜು, ಮೌಂಟಿನ ಎರಡೂ ಬದಿಗಳ ಪ್ರತಿ. ನ್ಯೂಜೆರ್ಸಿಯ ಮಗಳ ರುಜು ಬರುವುದು ತುಸು ತಡವಾಗಬಹುದು.